ಓದುಗರ ಪ್ರಶ್ನೆ: ಉಗಾಂಡದ ಹಳ್ಳಿಶಾಲೆಗೆ ಹೊರಟ ಶಿಕ್ಷಕರಿಗೆ

ಪ್ರಶ್ನೆ: ಉಗಾಂಡದ ಮಸಾಕಾ ಕಡೆಯ ಹಳ್ಳಿಯೊಂದರ ಪ್ರಾಥಮಿಕ ಶಾಲೆಯೊಂದಿಗೆ ನಮ್ಮ ಶಾಲೆ ಒಡಂಬಡಿಕೆ ಮಾಡಿಕೊಂಡಿದೆ. ನಾಲ್ವರು ಶಿಕ್ಷಕರು ಹತ್ತು ದಿನ ಹೋಗಿಬರಬೇಕೆಂದಿದ್ದೇವೆ. ಯಾವ ತಿಂಗಳು ಸರಿ?

ಉತ್ತರ: ಜೂನ್ ಮಧ್ಯದಿಂದ ಜುಲೈ ಕೊನೆಯೊಳಗೆ. ಆಗ ಎರಡನೇ ಅವಧಿಯ ಪಾಠಗಳು ನಡೆಯುತ್ತಿರುತ್ತವೆ, ಮಳೆಯೂ ಕಡಿಮೆ. ಮಾರ್ಚ್–ಮೇ ಮತ್ತು ಸೆಪ್ಟೆಂಬರ್–ನವೆಂಬರ್ ಮಳೆಗೆ ಮಣ್ಣಿನ ರಸ್ತೆಗಳು ಕೆಸರಾಗಿ ವಾಹನ ಹೂತುಹೋಗುತ್ತದೆ. ವರ್ಷದ ಕೊನೆಯ ಅವಧಿಯಲ್ಲಂತೂ ಏಳನೇ ತರಗತಿಯವರ ಪಿಎಲ್‌ಇ, ಅಂದರೆ ಪ್ರಾಥಮಿಕ ಶಾಲೆಯ ಕೊನೆಯ ಪರೀಕ್ಷೆಯ ಗಡಿಬಿಡಿ; ಅತಿಥಿಗಳ ಕಡೆ ತಿರುಗಿ ನೋಡಲೂ ಅಲ್ಲಿನವರಿಗೆ ಪುರುಸೊತ್ತಿರುವುದಿಲ್ಲ.

ಪ್ರಶ್ನೆ: ಇಂಗ್ಲಿಷಿನಲ್ಲಿ ಪಾಠ ಮಾಡಬಹುದೇ? 30 ಮಕ್ಕಳಿಗಾಗುವಷ್ಟು ವಿಜ್ಞಾನದ ಕಿಟ್ ಒಯ್ಯುತ್ತಿದ್ದೇವೆ.

ಉತ್ತರ: ಕಿಟ್ ಊರಲ್ಲೇ ಬಿಟ್ಟು ಹೋಗಿ. ಒಂದೇ ಕೋಣೆಯಲ್ಲಿ 80–100 ಮಕ್ಕಳಿರುವುದು ಅಲ್ಲಿ ಅಪರೂಪವಲ್ಲ. 30 ಜನರ ಸಾಮಾನು ಹಂಚಿದರೆ ಜಗಳವೇ ಪಾಠವಾಗುತ್ತದೆ. ಗ್ರಾಮೀಣ ಶಾಲೆಗಳಲ್ಲಿ 1ರಿಂದ 3ನೇ ತರಗತಿ ಸ್ಥಳೀಯ ಭಾಷೆಯಲ್ಲಿ, ಮಸಾಕಾದಲ್ಲಿ ಎಂದರೆ ಲುಗಾಂಡದಲ್ಲಿ ನಡೆಯುತ್ತದೆ. 4ನೆಯದು ಇಂಗ್ಲಿಷಿಗೆ ಹೊರಳುವ ವರ್ಷ. ಹಾಗಾಗಿ 5 ಅಥವಾ 6ನೇ ತರಗತಿಯನ್ನೇ ಕೇಳಿಕೊಳ್ಳಿ. ಮೊದಲ ಎರಡು ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಆಮೇಲೆ ತರಗತಿಯ ಶಿಕ್ಷಕರ ಜೊತೆಗೇ ಪಾಠ ಮಾಡಿ.

ಖರ್ಚಿಲ್ಲದ ಒಂದು ಪಾಠ: ನೆರಳು. ಮಸಾಕಾ ಸಮಭಾಜಕ ವೃತ್ತಕ್ಕಿಂತ ತುಸು ದಕ್ಷಿಣಕ್ಕಿದೆ. ಎಂಟೆಂಟು ಮಕ್ಕಳ ಗುಂಪಿಗೊಂದರಂತೆ, ನೆಲದ ಮೇಲೆ ಒಂದು ಮೀಟರ್ ಉಳಿಯುವಂತೆ ಕೋಲು ನೆಡಿಸಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ನೋಡಿ. ಸ್ವಲ್ಪ ವಾಲಿದರೂ ಲೆಕ್ಕ ಕೆಡುತ್ತದೆ. 12:30ರಿಂದ 1:15ರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿ ಗುರುತಿಸಲಿ. ಅಲ್ಲಿ ಸೂರ್ಯ ದಿನದ ಅತಿ ಎತ್ತರಕ್ಕೇರುವುದು ಜೂನ್‌ನಲ್ಲಿ 12:55ರ ಸುಮಾರಿಗೆ. ಗಡಿಯಾರ ನಂಬಿ 12ಕ್ಕೇ ಅಳೆದು ನಿಲ್ಲಿಸಿದವರಿಗೆ ಅತಿ ಗಿಡ್ಡ ನೆರಳು ಸಿಗುವುದೇ ಇಲ್ಲ. ಜೂನ್ 21ರ ಆಸುಪಾಸಿನಲ್ಲಿ ಅದು ಸುಮಾರು 44 ಸೆಂ.ಮೀ. ಇದ್ದು ದಕ್ಷಿಣಕ್ಕೆ ಬೀಳುತ್ತದೆ. ಅದೇ ದಿನ ನಿಮ್ಮ ಶಾಲೆಯಲ್ಲೂ ಅಳೆಸಿ, ಎರಡೂ ಕಡೆಯ ಅಂಕಿಗಳನ್ನು ಅದಲುಬದಲು ಮಾಡಿಕೊಳ್ಳಿ. ಒಡಂಬಡಿಕೆ ಪತ್ರಕ್ಕಿಂತ ಇದು ಹೆಚ್ಚು ಕೆಲಸ ಮಾಡೀತು.

ಪ್ರಶ್ನೆ: ಲಸಿಕೆ, ಮಾತ್ರೆ?

ಉತ್ತರ: ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವಿಲ್ಲದೆ ಉಗಾಂಡ ಪ್ರವೇಶವಿಲ್ಲ. ಚುಚ್ಚಿಸಿಕೊಂಡು 10 ದಿನವಾದ ಮೇಲಷ್ಟೇ ಅದಕ್ಕೆ ಮಾನ್ಯತೆ. 60 ದಾಟಿದವರು, ಮೊಟ್ಟೆ ಒಗ್ಗದವರು ಮೊದಲೇ ವೈದ್ಯರಿಗೆ ಹೇಳಬೇಕು. ಮಲೇರಿಯಾ ತಡೆಗೆ ವೈದ್ಯರು ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ, ವಾಪಸಾದ ಮೇಲೂ ನಾಲ್ಕು ವಾರ ನುಂಗಬೇಕು. ಊರು ಸೇರಿದೆವೆಂದು ನಿಲ್ಲಿಸುವವರೇ ಹೆಚ್ಚು, ಜ್ವರ ಹಿಡಿಯುವುದೂ ಅವರಿಗೇ.

ಪ್ರಶ್ನೆ: ಮಕ್ಕಳಿಗೆ ಪೆನ್ನು, ಮಿಠಾಯಿ ಹಂಚಬಹುದೇ?

ಉತ್ತರ: ಕೈಯಿಂದ ಕೈಗೆ ಬೇಡ. ಏನೇ ಇದ್ದರೂ ಮುಖ್ಯ ಶಿಕ್ಷಕರ ಕೋಣೆಯಲ್ಲಿ, ಶಾಲಾ ಸಮಿತಿಯ ಎದುರು ಒಪ್ಪಿಸಿ. ಶಾಲೆಗೆ ಕಾಲಿಟ್ಟ ಕೂಡಲೇ ಮೊದಲ ಕೆಲಸ ಸಂದರ್ಶಕರ ಪುಸ್ತಕಕ್ಕೆ ಸಹಿ. ಆಮೇಲೆ ಹಳ್ಳಿಯ ಎಲ್‌ಸಿ-1 (ಹಳ್ಳಿಮಟ್ಟದ ಸ್ಥಳೀಯ ಆಡಳಿತ ಮಂಡಳಿ) ಅಧ್ಯಕ್ಷರನ್ನು ಕಂಡು ಬನ್ನಿ. ಇನ್ನೊಂದು ಮಾತು: ಲುಗಾಂಡದಲ್ಲಿ ಗಂಟೆ ಎಣಿಸುವುದು ಸೂರ್ಯೋದಯದಿಂದ. ‘ಸಾವಾ ಬ್ಬಿರಿ’ ಎಂದರೆ ಪದಶಃ ಎರಡು ಗಂಟೆ, ಆದರೆ ನೀವು ಅಲ್ಲಿರಬೇಕಾದದ್ದು ಬೆಳಿಗ್ಗೆ ಎಂಟಕ್ಕೆ.