ರೇಷನ್ ಅಕ್ಕಿ ಸಿಕ್ಕರೂ ಸೋಲಿಗ ಆದಿವಾಸಿಗಳ ಪೋಡುಗಳಲ್ಲಿ (ಹಾಡಿಗಳಲ್ಲಿ) ಅಪೌಷ್ಟಿಕತೆ ಯಾಕೆ?

ಅಕ್ಕಿ ಹೊಟ್ಟೆ ತುಂಬಿಸುತ್ತದೆ, ಅಷ್ಟೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಮೊದಲು ಕಾಡಿನಲ್ಲೇ ಜಾಗ ಬದಲಿಸುತ್ತಾ ರಾಗಿ, ಅವರೆ, ಕುಂಬಳ ಬೆಳೆಯುತ್ತಿದ್ದರು. ಗೆಣಸು, ಸೊಪ್ಪು, ಜೇನು ಸುತ್ತಲೇ ಸಿಗುತ್ತಿದ್ದವು. 1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು. ಆ ಬೇಸಾಯ ನಿಂತಿತು, ತಟ್ಟೆಯಲ್ಲಿ ಬರೀ ಅನ್ನ ಜಾಸ್ತಿಯಾಯಿತು. ಸರ್ಕಾರ ಬೇಳೆ, ಮೊಟ್ಟೆ, ತುಪ್ಪವನ್ನೂ ಕೊಡುತ್ತದೆ, ಒಳ್ಳೆಯದೇ.

ಇನ್ನು ಆಸ್ಪತ್ರೆ. ಗುಡ್ಡಗಾಡಿನಲ್ಲಿ 20,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನುವುದು ನಿಯಮ. ಜನ ಚದುರಿರುವ ಕಡೆ ತಲೆ ಎಣಿಸಿ ಏನು ಬಂತು? ದೂರ ನೋಡಬೇಕಲ್ವಾ? ಮಲೆ ಮಹದೇಶ್ವರ ಬೆಟ್ಟದ ಒಳಹಳ್ಳಿಗಳಿಂದ ಗರ್ಭಿಣಿಯರನ್ನು ಡೋಲಿ ಕಟ್ಟಿ ಹೊತ್ತು ತಂದದ್ದುಂಟು. ಸೋಲಿಗರಲ್ಲಿ ಕಾಣುವ, ತಂದೆತಾಯಿಯಿಂದ ಬರುವ ರಕ್ತದ ಕಾಯಿಲೆಯಾದ ಸಿಕಲ್ ಸೆಲ್ ರಕ್ತಹೀನತೆಗೆ ಪದೇ ಪದೇ ಆಸ್ಪತ್ರೆಗೆ ಹೋಗಬೇಕು. ಚಿಕಿತ್ಸೆ ಉಚಿತವಿದ್ದರೂ ಜೀಪಿನ ಬಾಡಿಗೆ ಕೊಡಬೇಕು, ಆ ದಿನದ ಕೂಲಿಯೂ ಹೋಗುತ್ತದೆ.