ಕೇಳಿ ನೋಡಿ: ಸಂಜೆ ಹೊತ್ತು ನಿಂತು ನಿಂತು ಓಡುವ ಜಾವಾ

ಪ್ರಶ್ನೆ: ನಮ್ಮ ಸಹಕಾರ ಸಂಘದ ಪಿಗ್ಮಿ ಲೆಕ್ಕದ ಪ್ರೋಗ್ರಾಂ ಬರೆದವನು ನಾನೇ. ಜಾವಾ 17, ಬಾಡಿಗೆ ಸರ್ವರ್, 4 ಜಿಬಿ ಮೆಮೊರಿ. ಹಗಲೆಲ್ಲ ಚೆನ್ನಾಗಿ ಓಡುತ್ತದೆ. ಸಂಜೆ ಏಜೆಂಟರೆಲ್ಲ ಒಟ್ಟಿಗೆ ಲೆಕ್ಕ ಕಳಿಸುವ ಹೊತ್ತಿಗೆ ನಾಲ್ಕೈದು ಸೆಕೆಂಡ್ ಹಾಗೇ ನಿಂತುಬಿಡುತ್ತದೆ, ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಓಡುತ್ತದೆ. ಆ ಹೊತ್ತಿಗೆ ನಾನು ಅಲ್ಲಿ ಇರುವುದಿಲ್ಲ. ಜಾವಾ ಪ್ರೋಗ್ರಾಂ ಓಡಿಸುವ ವರ್ಚುವಲ್ ಮಷೀನ್ ಒಳಗೆ ಏನಾಗುತ್ತಿದೆ ಅಂತ ನನ್ನ ಪ್ರೋಗ್ರಾಮೇ ಓದಿ ಲಾಗ್‌ಗೆ ಬರೆಯುವ ಹಾಗೆ ಮಾಡಬಹುದಾ? ಮೆಮೊರಿ ಶೇ. 80 ದಾಟಿದರೆ ಬೇಡದ್ದನ್ನು ಈಗಲೇ ಗುಡಿಸು ಅನ್ನುವ ಸಿಸ್ಟಂ.ಜಿಸಿ ಕರೆದುಬಿಡೋಣ ಅಂತಲೂ ಯೋಚನೆ ಇದೆ. ಸರಿಯಾ ಸಾರ್?
— ಹೆಸರು ಹಾಕಬೇಡಿ ಅಂದವರು, ಕುಂದಾಪುರ

ಉತ್ತರ: ಮೊದಲನೆಯದು ಧಾರಾಳವಾಗಿ ಮಾಡಿ. ಎರಡನೆಯದು ಬೇಡ ಮಾರಾಯ್ರೆ.

ನೀವು ಕೇಳಿ ಬಿಡಿ, ಜಾವಾ ವರ್ಚುವಲ್ ಮಷೀನ್ ತನ್ನ ಲೆಕ್ಕ ಬರೆದಿಡುತ್ತಲೇ ಇರುತ್ತದೆ. ಎಷ್ಟು ಸಲ ಗಾರ್ಬೇಜ್ ಕಲೆಕ್ಷನ್ (ಪ್ರೋಗ್ರಾಂ ಬಳಸಿ ಬಿಟ್ಟದ್ದನ್ನು ಮೆಮೊರಿಯಿಂದ ಗುಡಿಸುವ ಕೆಲಸ) ನಡೆಯಿತು, ಅದಕ್ಕೆ ಒಟ್ಟು ಎಷ್ಟು ಹೊತ್ತು ಹಿಡಿಯಿತು, ಎಷ್ಟು ಥ್ರೆಡ್ (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು) ಇವೆ, ಎಷ್ಟು ಕ್ಲಾಸ್ ಲೋಡ್ ಆಗಿವೆ, ಎಲ್ಲ. 2004ರಲ್ಲಿ ಜಾವಾ 5 ಬರುವ ತನಕ ಇದನ್ನು ನಮ್ಮ ಪ್ರೋಗ್ರಾಂ ಒಳಗಿಂದ ಓದುವುದಕ್ಕೆ ಸರಿಯಾದ ದಾರಿ ಇರಲಿಲ್ಲ. ರನ್‌ಟೈಮ್ ಕ್ಲಾಸಿನ ಫ್ರೀಮೆಮೊರಿ, ಟೋಟಲ್‌ಮೆಮೊರಿ ನೋಡಿ ತೃಪ್ತಿಪಡಬೇಕಿತ್ತು. ಜಾವಾ 5ರಲ್ಲಿ ಜಾವಾ.ಲ್ಯಾಂಗ್.ಮ್ಯಾನೇಜ್‌ಮೆಂಟ್ ಪ್ಯಾಕೇಜ್ ಬಂತು. ಹೊರಗಿನ ಲೈಬ್ರರಿ ಯಾವುದೂ ಬೇಡ, ನಿಮ್ಮ ಜಾವಾ 17ರಲ್ಲಿ ಅದು ಈಗಾಗಲೇ ಇದೆ.

ಮೊದಲು ಒಂದು ಸಣ್ಣ ಕೆಲಸ ಮಾಡಿ. ಮ್ಯಾನೇಜ್‌ಮೆಂಟ್‌ಫ್ಯಾಕ್ಟರಿಯಿಂದ ಗಾರ್ಬೇಜ್‌ಕಲೆಕ್ಟರ್ ಎಂಎಕ್ಸ್‌ಬೀನ್‌ಗಳ (ಅಂಕಿ ಓದಿಕೊಡುವ ಕಿಟಕಿಗಳು, ಮುಂದೆ ಬರೀ 'ಬೀನ್') ಪಟ್ಟಿ ತೆಗೆದು ಅವುಗಳ ಹೆಸರು ಪ್ರಿಂಟ್ ಮಾಡಿ. ಜಿ1 ಯಂಗ್ ಜನರೇಷನ್, ಜಿ1 ಓಲ್ಡ್ ಜನರೇಷನ್ ಅಂತ ಬಂದರೆ ಸರಿ, ಓಡುತ್ತಿರುವುದು ಜಿ1 ಕಲೆಕ್ಟರ್. ಯಂಗ್ ಅಂದರೆ ಹೊಸ ಡೇಟಾದ ಜಾಗ, ಓಲ್ಡ್ ಅಂದರೆ ಬಹಳ ಕಾಲ ಉಳಿದದ್ದರ ಜಾಗ. ಕಾಪಿ ಮತ್ತು ಮಾರ್ಕ್‌ಸ್ವೀಪ್‌ಕಾಂಪ್ಯಾಕ್ಟ್ ಅಂತ ಬಂದರೆ ನಿಮಗೆ ಗೊತ್ತಿಲ್ಲದೆಯೇ, ಪ್ರೋಗ್ರಾಂ ನಿಲ್ಲಿಸಿ ಒಂದೇ ಥ್ರೆಡ್ಡಿನಲ್ಲಿ ಗುಡಿಸುವ ಸೀರಿಯಲ್ ಕಲೆಕ್ಟರ್ ಓಡುತ್ತಿದೆ. ನಾವು ಏನೂ ಹೇಳದೇ ಇದ್ದಾಗ, ಒಂದೇ ಕೋರ್ ಇರುವ ಸರ್ವರ್‌ನಲ್ಲಿ ಜಾವಾ ಸೀರಿಯಲ್ಲನ್ನೇ ಆರಿಸಿಕೊಳ್ಳುತ್ತದೆ. ಅಗ್ಗದ ಬಾಡಿಗೆ ಸರ್ವರ್‌ಗಳಲ್ಲಿ ಇದು ಮಾಮೂಲು. ಹೀಪ್, ಅಂದರೆ ಪ್ರೋಗ್ರಾಮಿನ ಆಬ್ಜೆಕ್ಟುಗಳು (ಡೇಟಾ) ಕೂರುವ ಮೆಮೊರಿ, ಅದರ ಮಿತಿಯೂ ಅಷ್ಟೆ. ನೀವು ಆ ಮಿತಿ ಹೇಳುವ ಎಕ್ಸ್‌ಎಂಎಕ್ಸ್ ಕೊಟ್ಟಿಲ್ಲ ಅಂದರೆ ಸರ್ವರ್ ಮೆಮೊರಿಯ ಕಾಲು ಭಾಗ, ಅಂದರೆ ಸುಮಾರು 1 ಜಿಬಿ ಸಿಗುತ್ತದೆ. 4 ಜಿಬಿಗೆ ಬಾಡಿಗೆ ಕಟ್ಟಿ ಒಂದರಲ್ಲಿ ಸಂಸಾರ ಮಾಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ಆ ಶೇ. 80ರ ವಿಷಯ. ಮೆಮೊರಿ ಬೀನ್ ಕೊಡುವ 'ಯೂಸ್ಡ್' ಅನ್ನುವ ಅಂಕಿಯಲ್ಲಿ ಬೇಕಾದದ್ದು, ಬೇಡವಾದದ್ದು ಎರಡೂ ಸೇರಿರುತ್ತವೆ. ಬೇಡವಾದ ಆಬ್ಜೆಕ್ಟುಗಳು ಮುಂದಿನ ಕಲೆಕ್ಷನ್ ತನಕ ಅಲ್ಲೇ ಬಿದ್ದಿರುತ್ತವೆ. ಕಸದ ಗಾಡಿ ಬರುವ ಮುಂಚೆ ಬಕೆಟ್ ತುಂಬಿದ್ದು ನೋಡಿ ಮನೆಯಲ್ಲಿ ಜನ ಜಾಸ್ತಿ ಆಗಿದ್ದಾರೆ ಅಂದರೆ ಹೇಗೆ? ಆರೋಗ್ಯವಾಗಿರುವ ಪ್ರೋಗ್ರಾಮಿನಲ್ಲೂ ಈ ಅಂಕಿ ಮೇಲೆ ಏರಿ ಧಡಕ್ಕನೆ ಇಳಿಯುತ್ತದೆ, ಮತ್ತೆ ಏರುತ್ತದೆ. ನಿಮಗೆ ಬೇಕಾದ್ದು ಕಲೆಕ್ಷನ್ ಮುಗಿದ ಮೇಲೆ ಎಷ್ಟು ಉಳಿಯಿತು ಅನ್ನುವುದು. ಅದಕ್ಕೆ ಮೆಮೊರಿಪೂಲ್ ಬೀನಿನಲ್ಲಿ ಗೆಟ್‌ಕಲೆಕ್ಷನ್‌ಯೂಸೇಜ್ ಇದೆ. ಓಲ್ಡ್ ಜನರೇಷನ್ ಪೂಲಿನಲ್ಲಿ ಆ ಅಂಕಿ ವಾರದಿಂದ ವಾರಕ್ಕೆ ಏರುತ್ತಲೇ ಹೋದರೆ ಎಲ್ಲೋ ಲೀಕ್ ಇದೆ, ಬೇಡವಾದದ್ದನ್ನು ಪ್ರೋಗ್ರಾಂ ಬಿಡದೆ ಹಿಡಿದಿದೆ ಅಂತ ಅನುಮಾನ ಪಡಿ. ಯೂಸ್ಡ್ ನೋಡಿ ಸಿಸ್ಟಂ.ಜಿಸಿ ಕರೆದರೆ ಏನಾಗುತ್ತದೆ ಗೊತ್ತಾ? ಸೀರಿಯಲ್ ಇರಲಿ, ಜಿ1 ಇರಲಿ, ಮಾಮೂಲು ಸೆಟ್ಟಿಂಗ್‌ನಲ್ಲಿ ಪ್ರೋಗ್ರಾಂ ಪೂರ್ತಿ ನಿಂತು ಇಡೀ ಹೀಪ್ ಗುಡಿಸಲು ಕೂರುತ್ತದೆ. ಏಜೆಂಟರು ಕೌಂಟರಿನಲ್ಲಿ ಕಾಯುತ್ತಿರುವಾಗ ನೀವೇ ಕೈಯಾರೆ ನಿಲ್ಲಿಸಿದ ಹಾಗಾಯಿತು.

ಹಾಗಾದರೆ ಏನು ಬರೆಯಬೇಕು? ನಾನಾಗಿದ್ದರೆ ಹಿನ್ನೆಲೆಯಲ್ಲಿ ಓಡುವ ಒಂದು ಡೀಮನ್ ಥ್ರೆಡ್ ಇಟ್ಟು ಪ್ರತಿ ಸೆಕೆಂಡಿಗೊಮ್ಮೆ ಎರಡೇ ಅಂಕಿ ಓದುತ್ತೇನೆ. ಒಂದು, ನ್ಯಾನೊಸೆಕೆಂಡಿನಲ್ಲಿ ಹೊತ್ತು ಅಳೆಯುವ ಸಿಸ್ಟಂ.ನ್ಯಾನೊಟೈಮ್. ಇನ್ನೊಂದು ಎಲ್ಲ ಕಲೆಕ್ಟರ್ ಬೀನುಗಳ ಗೆಟ್‌ಕಲೆಕ್ಷನ್‌ಟೈಮ್ ಕೂಡಿದ ಮೊತ್ತ. ಇದು ಪ್ರೋಗ್ರಾಂ ಶುರುವಾದಾಗಿನಿಂದ ಕೂಡುತ್ತಾ ಬಂದ ಮಿಲಿಸೆಕೆಂಡ್ ಲೆಕ್ಕ, ಸುಮ್ನೆ ನೋಡಿದರೆ ಏನೂ ತಿಳಿಯುವುದಿಲ್ಲ. ಹಿಂದಿನ ಸಲದ ಅಂಕಿ ಕಳೆದು ವ್ಯತ್ಯಾಸ ನೋಡಬೇಕು.

ಇಲ್ಲೊಂದು ತಮಾಷೆ ಇದೆ. ಪ್ರೋಗ್ರಾಂ ನಿಂತಾಗ ಈ ಕಾವಲು ಥ್ರೆಡ್ಡೂ ನಿಂತೇ ಇರುತ್ತದೆ, ಹಾಗಾಗಿ ನಿಂತದ್ದನ್ನು ಆಗಲೇ ಹೇಳುವುದಕ್ಕೆ ಅದಕ್ಕೆ ಆಗುವುದಿಲ್ಲ. ಆದರೆ ಎದ್ದ ಮೇಲೆ ಗಡಿಯಾರ ನೋಡಿದರೆ, ಒಂದು ಸೆಕೆಂಡ್ ಮಲಗುತ್ತೇನೆ ಅಂದದ್ದು ಐದು ಸೆಕೆಂಡ್ ಆಗಿರುತ್ತದೆ. ಅಷ್ಟು ಸಾಕು. ಅಂತರ ಒಂದೂವರೆ ಸೆಕೆಂಡ್ ದಾಟಿದಾಗ ಮಾತ್ರ ಲಾಗ್‌ಗೆ ಒಂದು ಸಾಲು ಬರೆಯಿರಿ. ಉದಾಹರಣೆಗೆ, "ಅಂತರ 5210, ಕಲೆಕ್ಷನ್ 4090". ಮಲಗಬೇಕಿದ್ದ 1000 ಕಳೆದರೆ 4210 ಮಿಲಿಸೆಕೆಂಡ್ ಹೆಚ್ಚಾಗಿದೆ, ಅದರಲ್ಲಿ 4090 ಕಲೆಕ್ಷನ್ ತಿಂದಿದೆ. ಕಳ್ಳ ಸಿಕ್ಕಿದ. "ಅಂತರ 5210, ಕಲೆಕ್ಷನ್ 0" ಅಂತ ಬಂದರೆ ಹೀಪ್ ಗಾತ್ರ ಬದಲಿಸುತ್ತಾ ಕೂರಬೇಡಿ, ಕಾರಣ ಬೇರೆ ಕಡೆ ಇದೆ. ಬಣ್ಣಬಣ್ಣದ ಗ್ರಾಫ್ ನನಗೆ ಅಷ್ಟಕ್ಕಷ್ಟೆ. ಇಂಥ ಸಾಲಾದರೆ ಸಂಘದಲ್ಲಿ ಇರುವವರಿಗೆ ಫೋನ್ ಮಾಡಿ ಓದಿಸಬಹುದು, ಅಲ್ವಾ?

ಬೇರೆ ಕಡೆ ಅಂದರೆ ಎಲ್ಲಿ? ನಿಮ್ಮ ಬಾಡಿಗೆ ಸರ್ವರ್ರೂ ಬಹುಶಃ ಒಂದು ವರ್ಚುವಲ್ ಮಷೀನೇ, ಒಂದು ಅಸಲಿ ಕಂಪ್ಯೂಟರನ್ನು ಹಲವರಿಗೆ ಹಂಚಿ ಕೊಟ್ಟ ಪಾಲು. ಒಂದು ಮಷೀನಿನ ಹೊಟ್ಟೆಯಲ್ಲಿ ಇನ್ನೊಂದು ಕೂತಿದೆ. ಅಸಲಿ ಪ್ರೊಸೆಸರನ್ನು ಪಕ್ಕದ ಬಾಡಿಗೆದಾರರು ಬಳಸುತ್ತಿದ್ದರೆ ನಿಮ್ಮ ಸರದಿ ಕಾಯಬೇಕು. ಹಾಗೆ ಕಾದ ಹೊತ್ತನ್ನು ಲಿನಕ್ಸ್ 'ಸ್ಟೀಲ್' ಅಂತ ಬೇರೆ ಬರೆದಿಡುತ್ತದೆ. ಪ್ರೊಕ್ ಡೈರೆಕ್ಟರಿಯಲ್ಲಿರುವ ಸ್ಟಾಟ್ ಫೈಲಿನ ಮೊದಲ ಸಾಲಿನಲ್ಲಿ 'ಸಿಪಿಯು' ಪದದ ನಂತರದ ಎಂಟನೇ ಅಂಕಿ ಅದು. ಲಿನಕ್ಸ್ ಕಮಾಂಡ್ ಟಾಪ್‌ನಲ್ಲಿ 'ಎಸ್‌ಟಿ' ಅಂತ ಕಾಣುವುದೂ ಇದೇ. ಕಾದ ಪ್ರತಿ ಸೆಕೆಂಡಿಗೆ ಸಾಮಾನ್ಯವಾಗಿ 100ರ ಲೆಕ್ಕದಲ್ಲಿ ಏರುತ್ತದೆ. ಜಾವಾದಿಂದ ಮಾಮೂಲು ಫೈಲ್ ಓದಿದ ಹಾಗೇ ಓದಬಹುದು, ಇದನ್ನೂ ಅದೇ ಸಾಲಿಗೆ ಸೇರಿಸಿ. ಕೆಲವು ಕಡೆ ವರ್ಚುವಲ್ ಮಷೀನುಗಳನ್ನು ನಡೆಸುವ ಹೊರಗಿನ ಹೈಪರ್‌ವೈಸರ್ ಈ ಲೆಕ್ಕವನ್ನು ಒಳಗೆ ಬಿಡುವುದೇ ಇಲ್ಲ, ಆಗ ಸದಾ ಸೊನ್ನೆ. ಅದನ್ನು ನೋಡಿ ಪಕ್ಕದವರು ಸಜ್ಜನರು ಅಂದುಕೊಳ್ಳಬೇಡಿ. ಜೊತೆಗೆ ಪ್ರೊಕ್‌ನ ವಿಎಂಸ್ಟಾಟ್ ಫೈಲಿನಲ್ಲಿ 'ಪಿಎಸ್‌ಡಬ್ಲ್ಯುಪಿಇನ್' ನೋಡಿ. ಅದು, ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗವಾದ ಸ್ವಾಪ್‌ನಿಂದ ವಾಪಸ್ ತಂದ ಪುಟಗಳ (ಮೆಮೊರಿ ತುಣುಕುಗಳ) ಲೆಕ್ಕ. ಆ ಸಂಜೆಯ ಹೊತ್ತಿಗೆ ಅದು ಜಿಗಿದಿದ್ದರೆ ಉತ್ತರ ಅಲ್ಲೇ ಇದೆ.

ಲೆಕ್ಕ ಇಡುವುದಕ್ಕೂ ಖರ್ಚು ಇದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮೇಲಿನ ಎರಡು ಅಂಕಿ ಓದುವುದು ತೀರಾ ಅಗ್ಗ. ಆದರೆ ಪ್ರತಿ ಥ್ರೆಡ್ ಏನು ಮಾಡುತ್ತಿದೆ ಅಂತ ಹೇಳುವ, ಥ್ರೆಡ್ ಬೀನಿನ ಡಂಪ್‌ಆಲ್‌ಥ್ರೆಡ್ಸ್ ಅನ್ನು ಸೆಕೆಂಡಿಗೊಮ್ಮೆ ಕರೆಯಬೇಡಿ. ಅದಕ್ಕೆ ಎಲ್ಲ ಥ್ರೆಡ್ಡುಗಳನ್ನೂ ನಿಲ್ಲಿಸಬೇಕಾಗುತ್ತದೆ. ಇನ್ನೊಂದು ವಿಚಿತ್ರ ಇದೆ. ಟಿಎಂಪಿ ಡೈರೆಕ್ಟರಿಯಲ್ಲಿ ಎಚ್‌ಎಸ್‌ಪರ್ಫ್‌ಡೇಟಾ ಅಂತ ಶುರುವಾಗುವ, ಯೂಸರ್ ಹೆಸರು ಸೇರಿದ ಫೋಲ್ಡರ್ ಇರುತ್ತದೆ. ಅದರೊಳಗೆ ಪ್ರೊಸೆಸ್ ನಂಬರೇ ಹೆಸರಾಗಿರುವ ಒಂದು ಫೈಲು, ಮಾಮೂಲಾಗಿ ಬರೀ 32 ಕೆಬಿ. ಜಾವಾದ ಜೊತೆ ಬರುವ ಜೆಪಿಎಸ್, ಜೆಸ್ಟಾಟ್ ಉಪಕರಣಗಳು ಓದುವುದು ಇದನ್ನೇ. ಜಾವಾ ಈ ಫೈಲನ್ನು ಮೆಮೊರಿಗೆ ಮ್ಯಾಪ್ ಮಾಡಿಕೊಂಡು ಕಲೆಕ್ಷನ್ ನಡೆದಾಗ ಅದರಲ್ಲಿ ಅಂಕಿ ತಿದ್ದುತ್ತದೆ. ಡಿಸ್ಕ್ ಬಹಳ ಬ್ಯುಸಿ ಇದ್ದು, ಅದೇ ಪುಟವನ್ನು ಕರ್ನಲ್ ಡಿಸ್ಕಿಗೆ ಬರೆಯುತ್ತಿದ್ದರೆ, ಆ ಒಂದು ಅಂಕಿ ತಿದ್ದಲು ಇಡೀ ಜಾವಾ ಕಾಯಬೇಕಾಗಬಹುದು. ಲೆಕ್ಕ ಬರೆಯಲು ಹೋಗಿ ಕೆಲಸ ನಿಂತಿತು! 2015ರಲ್ಲಿ ಒಬ್ಬ ಎಂಜಿನಿಯರ್ ತಿಂಗಳುಗಟ್ಟಲೆ ಹುಡುಕಿ ಇದನ್ನು ವಿವರವಾಗಿ ಬರೆದ ಮೇಲೆ ಬಹಳ ಜನರಿಗೆ ಗೊತ್ತಾಯಿತು. ನಿಮ್ಮಲ್ಲಿ ರಾತ್ರಿಯ ಬ್ಯಾಕಪ್ಪು ಸಂಜೆಯೇ ಶುರುವಾಗುತ್ತಿದ್ದರೆ ಇದನ್ನೂ ಯೋಚಿಸಿ. ಪರ್ಫ್‌ಡಿಸೇಬಲ್‌ಶೇರ್ಡ್‌ಮೆಮ್ ಆಯ್ಕೆ ಕೊಟ್ಟರೆ ಆ ಫೈಲು ಇರುವುದಿಲ್ಲ. ಜೆಸ್ಟಾಟ್‌ಗೆ ನಿಮ್ಮ ಪ್ರೋಗ್ರಾಂ ಕಾಣುವುದೂ ಇಲ್ಲ. ಒಳಗಿನ ಬೀನುಗಳು ಮಾತ್ರ ಎಂದಿನಂತೆ ಉತ್ತರ ಕೊಡುತ್ತವೆ.

ಪ್ರಶ್ನೆ: ಆಫೀಸಿನ ಸರ್ವರ್‌ನಲ್ಲಿ ಜೆಎಂಎಕ್ಸ್ ಪೋರ್ಟ್ (ಜಾವಾದ ಲೆಕ್ಕವನ್ನು ಹೊರಗಿಂದ ನೋಡುವ ದಾರಿ) ತೆರೆದು ಮನೆಯಿಂದಲೇ ಜೆಕನ್ಸೋಲ್ ಅನ್ನುವ ಜಾವಾ ಉಪಕರಣ ಹಾಕಿ ನೋಡುತ್ತಿದ್ದೇನೆ. ಆಥೆಂಟಿಕೇಟ್ ಫಾಲ್ಸ್, ಅಂದರೆ ಪಾಸ್‌ವರ್ಡ್ ಬೇಡ ಅಂತ ಕೊಟ್ಟಿದ್ದೇನೆ, ಇಲ್ಲದಿದ್ದರೆ ಕನೆಕ್ಟ್ ಆಗುತ್ತಿಲ್ಲ. ತೊಂದರೆ ಇಲ್ಲ ತಾನೆ?
— ಓದುಗರು, ಬೆಂಗಳೂರು

ಉತ್ತರ: ಇದನ್ನು ಓದಿದ ಕೂಡಲೇ ಹೋಗಿ ಆ ಪೋರ್ಟ್ ಮುಚ್ಚಿ, ಉಳಿದದ್ದು ಆಮೇಲೆ ಓದಿ. ಜೆಎಂಎಕ್ಸ್ ಅಂಕಿ ತೋರಿಸುವ ಕಿಟಕಿ ಮಾತ್ರ ಅಲ್ಲ, ಅದರ ಮೂಲಕ ಒಳಗೆ ಕೆಲಸವನ್ನೂ ಮಾಡಿಸಬಹುದು. ಪಾಸ್‌ವರ್ಡ್ ಇಲ್ಲದೆ ತೆರೆದಿಟ್ಟರೆ ಹೊರಗಿನವರು ತಮ್ಮ ಕೋಡನ್ನೇ ನಿಮ್ಮ ಮಷೀನಿನಲ್ಲಿ ಓಡಿಸುವ ದಾರಿಗಳಿವೆ. ಎಸ್‌ಎಸ್‌ಎಚ್‌ನಲ್ಲಿ (ಸುರಕ್ಷಿತ ದೂರ ಸಂಪರ್ಕ) ಲಾಗಿನ್ ಆಗಿ ಅಲ್ಲೇ ಜೆಸ್ಟಾಟ್ ಓಡಿಸಿ, ಬಹುತೇಕ ಕೆಲಸಕ್ಕೆ ಅಷ್ಟು ಸಾಕು. ಜೆಕನ್ಸೋಲ್ ಬೇಕೇ ಬೇಕು ಅಂದರೆ ಎಸ್‌ಎಸ್‌ಎಚ್ ಟನಲ್ ಮಾಡಿಕೊಂಡು ಅದರೊಳಗಿಂದಲೇ ನೋಡಿ. ಆರ್‌ಎಂಐ (ಜೆಎಂಎಕ್ಸ್ ಒಳಗಿಂದ ಬಳಸುವ ಇನ್ನೊಂದು ದಾರಿ) ಪೋರ್ಟನ್ನೂ ಜೆಎಂಎಕ್ಸ್ ಪೋರ್ಟಿನ ನಂಬರಿಗೇ ಕಟ್ಟಿಹಾಕಿ, ಇಲ್ಲದಿದ್ದರೆ ಅದು ಪ್ರತಿ ಸಲ ಬೇರೆ ಪೋರ್ಟ್ ಆರಿಸಿಕೊಂಡು ನಿಮ್ಮನ್ನು ಗೋಳು ಹುಯ್ದುಕೊಳ್ಳುತ್ತದೆ.

ಪ್ರಶ್ನೆ: ಪೈಥಾನ್‌ನಲ್ಲಿ ಇಂಥ ಲೆಕ್ಕ ಸಿಗುತ್ತದಾ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಸಿಗುತ್ತದಮ್ಮಾ, ಆದರೆ ಕಡಿಮೆ. ಪೈಥಾನ್ 3.4ರಿಂದ ಜಿಸಿ.ಗೆಟ್_ಸ್ಟಾಟ್ಸ್ ಇದೆ. ಪ್ರತಿ ಜನರೇಷನ್‌ಗೆ ಎಷ್ಟು ಸಲ ಕಲೆಕ್ಷನ್ ಆಯಿತು, ಎಷ್ಟು ಆಬ್ಜೆಕ್ಟ್ ಹೋದವು ಅಂತ ಹೇಳುತ್ತದೆ. ಹಿಡಿದ ಹೊತ್ತು ಬೇಕಿದ್ದರೆ ಜಿಸಿ.ಕಾಲ್‌ಬ್ಯಾಕ್ಸ್ ಪಟ್ಟಿಗೆ ನಿಮ್ಮದೊಂದು ಫಂಕ್ಷನ್ ಸೇರಿಸಿ. ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ ಅದನ್ನು ಕರೆಯುತ್ತದೆ, ವ್ಯತ್ಯಾಸ ನೀವೇ ಕಳೆದುಕೊಳ್ಳಬೇಕು. ನಾವೆಲ್ಲ ಬಳಸುವ ಸಿಪೈಥಾನ್‌ನಲ್ಲಿ ಬಹುಪಾಲು ಆಬ್ಜೆಕ್ಟುಗಳು ರೆಫರೆನ್ಸ್ ಕೌಂಟ್ (ಅದನ್ನು ಎಷ್ಟು ಕಡೆಯಿಂದ ಹಿಡಿದಿದೆ ಅನ್ನುವ ಲೆಕ್ಕ) ಸೊನ್ನೆ ಆದ ತಕ್ಷಣ ಹೋಗಿಬಿಡುತ್ತವೆ. ಒಂದನ್ನೊಂದು ಹಿಡಿದುಕೊಂಡು ಕೂತವು ಮಾತ್ರ ಕಲೆಕ್ಟರ್ ಪಾಲಿಗೆ ಬರುತ್ತವೆ. ಹಾಗಾಗಿ ಈ ಅಂಕಿಗಳಲ್ಲಿ ಎಲ್ಲ ಮೆಮೊರಿಯ ಕಥೆ ಇರುವುದಿಲ್ಲ. ಮೆಮೊರಿ ಯಾವ ಸಾಲಿನಲ್ಲಿ ಹೋಯಿತು ಅಂತ ಹುಡುಕಲು ಟ್ರೇಸ್‌ಮ್ಯಾಲಾಕ್ ಬಳಸಿ. ಅದನ್ನು ಹಾಕಿದರೆ ಪ್ರೋಗ್ರಾಂ ನಿಧಾನ ಆಗುತ್ತದೆ, ಪ್ರಾಜೆಕ್ಟ್ ತೋರಿಸುವ ದಿನ ಆಫ್ ಮಾಡಿಡಿ.