ಚಳಿಗಾಲದಲ್ಲಿ ಸೀಗಲ್ ಗುಂಪಿನಲ್ಲಿ ಒಂದು ಹಕ್ಕಿ ಬೇರೆ ಥರ ಕಂಡರೆ, ಅದು ಅಪರೂಪದ್ದೇ ಅಂತ ಹೇಗೆ ತಿಳಿಯುವುದು?

ಬಣ್ಣವೊಂದನ್ನೇ ನಂಬಬೇಡಿ. ಮೊದಲು ವಯಸ್ಸು ಅಂದಾಜು ಮಾಡಿ, ಆಮೇಲೆ ಗಾತ್ರ, ಕೊಕ್ಕು, ರೆಕ್ಕೆಯ ತುದಿ ನೋಡಿ. ಬೇರೆ ಥರ ಕಾಣುವ ಹಕ್ಕಿ ಹೆಚ್ಚಿನ ಸಲ ಅದೇ ಗುಂಪಿನ ಎಳೆಯ ಹಕ್ಕಿ.

ಇದಕ್ಕೆ ಕಾರಣ ಗರಿ. ಸಣ್ಣ ಸೀಗಲ್‌ಗಳಿಗೆ ಬೆಳೆದ ಹಕ್ಕಿಯ ಬಣ್ಣ ಬರಲು ಸುಮಾರು 2 ವರ್ಷ ಬೇಕು, ದೊಡ್ಡ ಜಾತಿಗಳಿಗೆ ಸುಮಾರು 4 ವರ್ಷ. ಅಲ್ಲಿಯವರೆಗೆ ವರ್ಷವರ್ಷವೂ ವೇಷ ಬದಲಾಗುತ್ತದೆ. ಜೊತೆಗೆ ಹಳೆಯ ಗರಿ ಬಿಸಿಲಿಗೆ ಸವೆದು ಬಿಳಿಚಿಕೊಳ್ಳುತ್ತದೆ. ಕೊಕ್ಕಿನ ಆಕಾರ ಮಾತ್ರ ಅಷ್ಟು ಬದಲಾಗುವುದಿಲ್ಲ.

ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಕಾಣುವ ಕಂದು ತಲೆಯ ಮತ್ತು ಕಪ್ಪು ತಲೆಯ ಸೀಗಲ್‌ಗಳನ್ನೇ ನೋಡಿ. ಚಳಿಗಾಲದಲ್ಲಿ ಎರಡರ ತಲೆಯೂ ಬೆಳ್ಳಗಿರುತ್ತದೆ, ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ ಅಷ್ಟೇ. ಹಾಗಾದರೆ ಹೆಸರು ನಂಬಿ ಪ್ರಯೋಜನವಿಲ್ಲ, ಅಲ್ವಾ? ಬೆಳೆದ ಕಂದು ತಲೆಯದಕ್ಕೆ ಕಣ್ಣು ತಿಳಿ ಬಣ್ಣ, ಕಪ್ಪು ರೆಕ್ಕೆತುದಿಯಲ್ಲಿ ಬಿಳಿ ಚುಕ್ಕೆ. ಕಪ್ಪು ತಲೆಯದು ಸ್ವಲ್ಪ ಚಿಕ್ಕದು, ಕಣ್ಣು ಕಪ್ಪು, ರೆಕ್ಕೆಯ ಮುಂದಿನ ಅಂಚಿನಲ್ಲಿ ಬಿಳಿ ಪಟ್ಟಿ. ಆದರೆ ಎಳೆಯ ಕಂದು ತಲೆಯದಕ್ಕೂ ಕಣ್ಣು ಕಪ್ಪೇ! ಅದಕ್ಕೇ ವಯಸ್ಸು ಮೊದಲು ಅಂದದ್ದು.

ಉದ್ದ ಕೊಕ್ಕು, ಇಳಿಜಾರು ಹಣೆ, ಕಣ್ಣಿನ ಹಿಂದೆ ಮಚ್ಚೆ ಇಲ್ಲದಂತೆಯೇ ಇದ್ದರೆ ಸಪೂರ ಕೊಕ್ಕಿನ ಸೀಗಲ್ ಇರಬಹುದು. ಕುಳಿತ ಹಕ್ಕಿಯಲ್ಲಿ ರೆಕ್ಕೆತುದಿಯ ಗುರುತು ಸರಿಯಾಗಿ ಕಾಣದು. ಹಾಗಾಗಿ ಹಾರುವಾಗ ರೆಕ್ಕೆ ಬಿಚ್ಚಿದ ಫೋಟೋ ತೆಗೆದುಕೊಳ್ಳಿ.